ಅಪ್ಪನ ಎದೆಬಡಿತ: ಲಯ ತಪ್ಪುವ ಹೃದಯ, ಮನೆಗೆ ಬಂದ ಮಗು

ಗೆಳೆಯರೇ, ತಲೆಬರಹ ನೋಡಿ "ಇದು ನಮಗ್ಯಾಕೆ?" ಅಂತ ಅನ್ನಿಸಿರಬಹುದು. ನಮ್ಮ ಸದ್ಯದ ಚಿಂತೆ ಏನಿದ್ದರೂ ಇಂಟರ್ನಲ್ಸ್, ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್. ಮದುವೆ, ಮಗು ಎಲ್ಲ ದೂರದ ಮಾತು. ಆದರೆ ಸ್ವಲ್ಪ ಲೆಕ್ಕ ಹಾಕಿ. ಇನ್ನು ಏಳೆಂಟು ವರ್ಷದಲ್ಲಿ ನಮ್ಮಲ್ಲಿ ಎಷ್ಟೋ ಜನ ವರ್ತೂರು, ಗುಂಜೂರು, ಬಳಗೆರೆ ಕಡೆ ಬಾಡಿಗೆ ಮನೆ ಹಿಡಿದು, ವೈಟ್‌ಫೀಲ್ಡ್‌ನಲ್ಲೋ ಹೊರವರ್ತುಲ ರಸ್ತೆಯಲ್ಲೋ ಕೆಲಸ ಮಾಡುತ್ತಿರುತ್ತೇವೆ. ಕೆಲವರಿಗೆ ಮಗುವೂ ಆಗಿರುತ್ತದೆ. ಹೃದಯದ ಲಯ ತಪ್ಪುವ ಕೆಲವು ತೊಂದರೆಗಳು ಮೊದಲು ಕಾಣಿಸಿಕೊಳ್ಳುವುದೇ ಹದಿಹರೆಯದಲ್ಲಿ, ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ. ಅಂದರೆ ಈ ಎರಡೂ ಒಟ್ಟಿಗೆ ಬರುವುದು ಅಪರೂಪದ ಸಂಗತಿಯೇನಲ್ಲ.

ಹೃದಯದ ಕಾಯಿಲೆ ಇರುವ ಹುಡುಗ ಅಪ್ಪ ಆದಾಗ ಅವನನ್ನು ಕಾಡುವ ಪ್ರಶ್ನೆ ಒಂದೇ: "ಮಗು ನನ್ನ ಕೈಯಲ್ಲಿದ್ದಾಗ ನನಗೇನಾದರೂ ಆದರೆ?" ಈ ಪ್ರಶ್ನೆಯನ್ನು ಬಹಳ ಜನ ಯಾರ ಹತ್ತಿರವೂ ಕೇಳುವುದಿಲ್ಲ. ಕೇಳಿದರೆ ಅದಕ್ಕೆ ಸಾಕಷ್ಟು ಒಳ್ಳೆಯ ಉತ್ತರಗಳಿವೆ. ಅವುಗಳನ್ನೇ ಇಲ್ಲಿ ಒಂದೊಂದಾಗಿ ನೋಡೋಣ.

ಹೃದಯ ಅನ್ನೋ ಸರ್ಕ್ಯೂಟ್

ಹೃದಯ ಒಂದು ಪಂಪ್ ಅಂತ ಎಲ್ಲರಿಗೂ ಗೊತ್ತು. ಆ ಪಂಪಿಗೆ ತನ್ನದೇ ಆದ ಒಂದು ಆಸಿಲೇಟರ್ ಕೂಡ ಇದೆ. ಬಲಗಡೆಯ ಮೇಲಿನ ಕೋಣೆಯಲ್ಲಿರುವ ಎಸ್‌ಎ ನೋಡ್ ನಿಮಿಷಕ್ಕೆ 60ರಿಂದ 100 ಸಲ ವಿದ್ಯುತ್ ಮಿಡಿತ ಹುಟ್ಟಿಸುತ್ತದೆ. ದಿನಕ್ಕೆ ಸುಮಾರು ಒಂದು ಲಕ್ಷ ಮಿಡಿತ! ಅದು ಮೇಲಿನ ಎರಡು ಕೋಣೆಗಳಲ್ಲಿ ಹರಡಿ, ನಡುವಿನ ಎವಿ ನೋಡ್ ಹತ್ತಿರ ಬಂದು ಸುಮಾರು 0.1 ಸೆಕೆಂಡ್ ನಿಲ್ಲುತ್ತದೆ. ಈ ಎವಿ ನೋಡ್ ಕೆರೆಯ ತೂಬು ಇದ್ದ ಹಾಗೆ. ಬೆಳ್ಳಂದೂರು ಕೆರೆಯ ನೀರು ಹರಿದು ವರ್ತೂರು ಕೆರೆಗೆ ಬರುವಂತೆ ಮೇಲಿನ ಕೋಣೆಯ ರಕ್ತ ಕೆಳಗಿನ ಕೋಣೆಗೆ ಬಂದು ತುಂಬಬೇಕು, ಆಮೇಲೆ ಕೆಳಗಿನ ಕೋಣೆ ಹಿಂಡಬೇಕು. ಆ ಪುಟ್ಟ ವಿಳಂಬ ಇರುವುದು ಇದಕ್ಕೇ.

ಎಂಜಿನಿಯರ್ ಆಗುವವರು ಗಮನಿಸಬೇಕಾದ ಮಾತು ಇನ್ನೊಂದಿದೆ. ಎಸ್‌ಎ ನೋಡ್ ಕೈಕೊಟ್ಟರೆ ಎವಿ ನೋಡ್ ಸುತ್ತಲಿನ ಜೀವಕೋಶಗಳು ನಿಮಿಷಕ್ಕೆ 40ರಿಂದ 60 ಮಿಡಿತ ಕೊಡಬಲ್ಲವು. ಅದೂ ಕೈಕೊಟ್ಟರೆ ಕೆಳಗಿನ ಕೋಣೆಗಳೇ 20ರಿಂದ 40ರ ವೇಗದಲ್ಲಿ ಹೇಗೋ ನಡೆಸುತ್ತವೆ. ಒಂದು ಹೋದರೆ ಇನ್ನೊಂದು, ಅದೂ ಹೋದರೆ ಮತ್ತೊಂದು. ನಾವು ಸರ್ವರ್‌ಗಳಿಗೆ ಬ್ಯಾಕಪ್ ಇಡುವುದನ್ನು ಕಲಿಯುವ ಎಷ್ಟೋ ಮೊದಲೇ ಹೃದಯ ಅದನ್ನು ಇಟ್ಟುಕೊಂಡಿದೆ.

ಲಯ ತಪ್ಪುವುದು ಮುಖ್ಯವಾಗಿ ಮೂರು ರೀತಿ. ಮಿಡಿತ ಹುಟ್ಟುವ ಜಾಗವೇ ನಿಧಾನವಾಗಬಹುದು, ಅಥವಾ ದಾರಿಯಲ್ಲಿ ತಡೆ ಬರಬಹುದು. ಇದಕ್ಕೆ ಪೇಸ್‌ಮೇಕರ್ ಇದೆ. ಎರಡನೆಯದು, ಬೇಡದ ಜಾಗದಿಂದ ಮಿಡಿತ ಹುಟ್ಟುವುದು. ಮೂರನೆಯದು, ಮಿಡಿತ ಮುಂದಕ್ಕೆ ಹೋಗದೆ ಒಂದೇ ವೃತ್ತದಲ್ಲಿ ಸುತ್ತುವುದು. ವರ್ತೂರು ಕೋಡಿಯಲ್ಲಿ ದಾರಿ ತಪ್ಪಿದ ಆಟೋ ಸುತ್ತು ಹೊಡೆಯುವ ಹಾಗೆ, ಒಂದೇ ಮಿಡಿತ ಸುತ್ತಿ ಸುತ್ತಿ ಬಂದು ಪ್ರತಿ ಸುತ್ತಿಗೂ ಹೃದಯವನ್ನು ಬಡಿಯುತ್ತದೆ. ನಾಡಿ ಒಮ್ಮೆಲೇ 150–220ಕ್ಕೆ ಏರುತ್ತದೆ, ಇಳಿಯುವಾಗಲೂ ಒಮ್ಮೆಲೇ ಇಳಿಯುತ್ತದೆ. ಇದನ್ನು ಎಸ್‌ವಿಟಿ ಅನ್ನುತ್ತಾರೆ. ಹುಟ್ಟಿನಿಂದಲೇ ಒಂದು ಹೆಚ್ಚುವರಿ ದಾರಿ ಇದ್ದರೆ ಅದು ಡಬ್ಲ್ಯೂಪಿಡಬ್ಲ್ಯೂ.

ಎಲ್ಲ ಢವಢವ ಒಂದೇ ಅಲ್ಲ

ಎದೆ ಢವಢವ ಅಂದ ಕೂಡಲೇ ಹಾರ್ಟ್ ಅಟ್ಯಾಕ್ ಅಂದುಕೊಳ್ಳುವವರು ಬಹಳ. ಹಾರ್ಟ್ ಅಟ್ಯಾಕ್ ರಕ್ತದ ಪೈಪ್ ಕಟ್ಟಿಕೊಳ್ಳುವ ಸಮಸ್ಯೆ, ಲಯ ತಪ್ಪುವುದು ವೈರಿಂಗ್ ಸಮಸ್ಯೆ. ವೈರಿಂಗ್ ಸಮಸ್ಯೆಯಲ್ಲೂ ಮೆಟ್ಟಿಲುಗಳಿವೆ.

ಆಗಾಗ ಒಂದು ಬಡಿತ ತಪ್ಪಿದ ಹಾಗೆ ಅನ್ನಿಸುವುದು ಹೆಚ್ಚಿನ ಆರೋಗ್ಯವಂತರಲ್ಲೂ ಇರುತ್ತದೆ. ಎಸ್‌ವಿಟಿ ಹೆದರಿಸುತ್ತದೆ, ಆದರೆ ಪ್ರಾಣಕ್ಕೆ ಎರವಾಗುವುದು ಅಪರೂಪ. ತೊಡೆಯ ರಕ್ತನಾಳದಿಂದ ಸಣ್ಣ ತಂತಿ ಕಳಿಸಿ ಆ ಬೇಡದ ದಾರಿಯನ್ನು ಸುಟ್ಟು ಮುಚ್ಚುವ ಅಬ್ಲೇಶನ್ ಮಾಡಿದರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಮೇಲಿನ ಕೋಣೆಗಳು ಲಯವಿಲ್ಲದೆ ನಡುಗುವ ಏಟ್ರಿಯಲ್ ಫಿಬ್ರಿಲೇಶನ್ ಇನ್ನೊಂದು. ಇದರಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯುವ ಸಾಧ್ಯತೆ ಇರುತ್ತದೆ, ಅದಕ್ಕೇ ಡಾಕ್ಟರ ನಿಗಾ ಬೇಕು. ಎಲ್ಲಕ್ಕಿಂತ ಎಚ್ಚರಿಕೆ ಬೇಕಾದವು ಲಾಂಗ್ ಕ್ಯೂಟಿ, ಬ್ರುಗಾಡಾ ಥರದ ವಂಶದಲ್ಲಿ ಬರುವ ತೊಂದರೆಗಳು. ಇವುಗಳಲ್ಲಿ ಹೃದಯ ನೋಡಲಿಕ್ಕೆ ಚೆನ್ನಾಗಿಯೇ ಇರುತ್ತದೆ, ಸ್ಕ್ಯಾನ್‌ನಲ್ಲೂ ಏನೂ ಕಾಣುವುದಿಲ್ಲ. ಸುಳಿವು ಸಿಗುವುದು ಇಸಿಜಿಯಲ್ಲಿ.

ಇಸಿಜಿ ಓದುವುದು ನಮಗೆ ಬಹಳ ಕಷ್ಟದ ವಿದ್ಯೆ ಅಲ್ಲ. ಕಾಗದ ಸೆಕೆಂಡಿಗೆ 25 ಮಿ.ಮೀ. ಓಡುತ್ತದೆ. ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡ್, ಒಂದು ದೊಡ್ಡ ಚೌಕ 0.2 ಸೆಕೆಂಡ್. ಎರಡು ಬಡಿತಗಳ ನಡುವೆ ನಾಲ್ಕು ದೊಡ್ಡ ಚೌಕ ಇದ್ದರೆ 300 ಭಾಗಿಸು 4, ಅಂದರೆ ನಿಮಿಷಕ್ಕೆ 75. ಬಡಿತದ ನಂತರ ಹೃದಯ ರೀಚಾರ್ಜ್ ಆಗುವವರೆಗಿನ ಹೊತ್ತು ಕ್ಯೂಟಿ. ವೇಗಕ್ಕೆ ತಕ್ಕಂತೆ ಅದನ್ನು ಸರಿದೂಗಿಸಲು ಎರಡು ಬಡಿತಗಳ ಅಂತರದ ವರ್ಗಮೂಲದಿಂದ ಭಾಗಿಸುತ್ತಾರೆ. ಕ್ಯೂಟಿ 0.40 ಸೆಕೆಂಡ್, ಅಂತರ 0.64 ಸೆಕೆಂಡ್ ಇದೆ ಅಂದುಕೊಳ್ಳಿ. 0.64ರ ವರ್ಗಮೂಲ 0.8. 0.40 ಭಾಗಿಸು 0.8, ಉತ್ತರ 0.50 ಸೆಕೆಂಡ್, ಅಂದರೆ 500 ಮಿಲಿಸೆಕೆಂಡ್. ಗಂಡಸರಲ್ಲಿ 450ರ ಒಳಗಿರಬೇಕು. 500 ಅಂದರೆ ಡಾಕ್ಟರು ಖಂಡಿತ ಗಂಭೀರವಾಗಿ ತಗೊಳ್ಳುವ ಸಂಖ್ಯೆ. ಲೆಕ್ಕ ಗೊತ್ತಾಯಿತು ಅಂತ ರೋಗ ನಿರ್ಣಯ ನಾವೇ ಮಾಡಬಾರದು, ಅದು ಬೇರೆ ಮಾತು.

ಹಾಗಾಗಿ ಅಪ್ಪ ಆಗಲಿರುವವನು ಡಾಕ್ಟರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ "ನಂದು ಯಾವ ಬಗೆ?" ಅನ್ನೋದು. ಹೆಸರು ಗೊತ್ತಿಲ್ಲದ ಕಾಯಿಲೆಗೆ ಹೆದರುವುದು ಸುಲಭ, ತಯಾರಾಗುವುದು ಕಷ್ಟ.

ಬಾಣಂತನದ ತಿಂಗಳುಗಳು

ಇದರ ಬಗ್ಗೆ ಹೊರದೇಶದ ಪುಸ್ತಕಗಳನ್ನು ಓದಿದರೆ ಅಪ್ಪ ಅಮ್ಮ ಮಗು ಮೊದಲ ದಿನದಿಂದ ಒಂದೇ ಮನೆಯಲ್ಲಿ ಇರುತ್ತಾರೆ ಅಂತ ಇಟ್ಟುಕೊಂಡೇ ಬರೆದಿರುತ್ತಾರೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಹಾಗಿಲ್ಲ. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗುತ್ತಾಳೆ, ಮೂರರಿಂದ ಐದು ತಿಂಗಳು ಅಲ್ಲೇ. ಗಂಡ ವರ್ತೂರಿನ ಬಾಡಿಗೆ ಮನೆಯಲ್ಲಿ ಒಬ್ಬನೇ.

ತವರು ಶಿರಸಿ ಅಂತ ಇಟ್ಟುಕೊಳ್ಳಿ. ಶುಕ್ರವಾರ ಸಂಜೆ ಆಫೀಸ್ ಮುಗಿಸಿ, ಟ್ರಾಫಿಕ್ ದಾಟಿ, ರಾತ್ರಿ ಬಸ್ ಹತ್ತಬೇಕು. ಶನಿವಾರ ಬೆಳಗ್ಗೆ ಇಳಿದರೆ ಮಗುವಿನ ಮುಖ ನೋಡಿದ ಖುಷಿಯಲ್ಲಿ ಮಲಗುವ ಮಾತೇ ಇಲ್ಲ. ಭಾನುವಾರ ರಾತ್ರಿ ಮತ್ತೆ ಬಸ್, ಸೋಮವಾರ ಬೆಳಗ್ಗೆ ಮೀಟಿಂಗ್. ವಾರಕ್ಕೆ ಎರಡು ರಾತ್ರಿ ನಿದ್ದೆ ಹಾಳು. ಊಟ ಹೊತ್ತಿಗೆ ಸರಿಯಾಗಿ ಇಲ್ಲ, ನೀರು ಕುಡಿದರೆ ಬಸ್ ನಿಲ್ಲಿಸಬೇಕಾದೀತು ಅಂತ ನೀರೂ ಕಮ್ಮಿ. ಮಾತ್ರೆಯ ಡಬ್ಬಿ ವರ್ತೂರಲ್ಲೇ ಉಳಿದಿರುತ್ತದೆ.

ಲಯ ತಪ್ಪುವ ಹೃದಯಕ್ಕೆ ಆಗದಿರುವುದೇ ಇವು: ನಿದ್ದೆ ಕೆಡುವುದು, ದೇಹದಲ್ಲಿ ನೀರು ಮತ್ತು ಲವಣ ಕಡಿಮೆಯಾಗುವುದು, ಮಾತ್ರೆ ತಪ್ಪುವುದು. ಮೆಟೊಪ್ರೊಲಾಲ್, ಪ್ರೊಪ್ರನಲಾಲ್ ಥರದ ಬೀಟಾ ಬ್ಲಾಕರ್ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಹೃದಯ ಮೊದಲಿಗಿಂತ ಹೆಚ್ಚು ಓಡಬಹುದು. ಇದಕ್ಕೆ ಪರಿಹಾರ ಸರಳ. ಒಂದು ಸೆಟ್ ಮಾತ್ರೆ ಮಾವನ ಮನೆಯಲ್ಲಿ, ಒಂದು ಬ್ಯಾಗಿನಲ್ಲಿ, ಒಂದು ಇಲ್ಲಿ. ಪ್ರತಿ ವಾರ ಓಡುವ ಬದಲು ಎರಡು ವಾರಕ್ಕೊಮ್ಮೆ ಹೋಗಿ ಒಂದು ದಿನ ಹೆಚ್ಚು ಇರುವುದು. ಬೆಂಗಳೂರಲ್ಲಿ ಒಬ್ಬನೇ ಇರುವಾಗ ಬೆಳಗ್ಗೆ ಇಂತಿಷ್ಟು ಹೊತ್ತಿಗೆ ಮನೆಗೆ ಒಂದು ಮೆಸೇಜ್. ಮೆಸೇಜ್ ಬರದಿದ್ದರೆ ಅವರು ಪಕ್ಕದ ಮನೆಯವರಿಗೋ ಗೆಳೆಯನಿಗೋ ಫೋನ್ ಮಾಡುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಇದು ಹಾರ್ಟ್‌ಬೀಟ್ ಸಿಗ್ನಲ್. ಸರ್ವರ್‌ಗೆ ಇಡುತ್ತೇವೆ, ಮನುಷ್ಯನಿಗೆ ಇಡಲು ಯಾಕೆ ನಾಚಿಕೆ?

ರಜೆಯ ವಿಷಯವನ್ನೂ ತಿಳಿದಿರಬೇಕು. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ. ತಾಯಂದಿರಿಗೆ 2017ರ ತಿದ್ದುಪಡಿಯಿಂದ 26 ವಾರ ರಜೆ ಸಿಗುವಂತಾಯಿತು. ಖಾಸಗಿ ಕಂಪನಿಯ ಅಪ್ಪಂದಿರಿಗೆ ಅಂಥ ಕಾನೂನಿಲ್ಲ, ಎಲ್ಲ ಕಂಪನಿಯ ಪಾಲಿಸಿ ಮೇಲೆ. ಆಫರ್ ಲೆಟರ್ ಬಂದಾಗ ಸಿಟಿಸಿ ಜೊತೆಗೆ ಈ ಸಾಲನ್ನೂ, ಆರೋಗ್ಯ ವಿಮೆಯ ಸಾಲನ್ನೂ ಓದಿ.

ಇನ್ನು "ಅಪ್ಪ ಆದೆಯಲ್ಲೋ, ಪಾರ್ಟಿ ಯಾವಾಗ?" ಅನ್ನುವ ಗೆಳೆಯರು. ಒಂದೇ ಸಂಜೆ ಜಾಸ್ತಿ ಕುಡಿದರೆ ಏಟ್ರಿಯಲ್ ಫಿಬ್ರಿಲೇಶನ್ ಶುರುವಾಗುವುದು ಎಷ್ಟು ಸಾಮಾನ್ಯ ಅಂದರೆ ಡಾಕ್ಟರುಗಳು ಅದಕ್ಕೆ "ಹಾಲಿಡೇ ಹಾರ್ಟ್" ಅಂತಲೇ ಹೆಸರಿಟ್ಟಿದ್ದಾರೆ. ಒಂದೆರಡು ಲೋಟ ಕಾಫಿ ಹೆಚ್ಚಿನವರಿಗೆ ತೊಂದರೆಯಲ್ಲ, ಆದರೆ ನಿದ್ದೆಗೆಟ್ಟು ಅದನ್ನು ಎನರ್ಜಿ ಡ್ರಿಂಕ್‌ನಿಂದ ಸರಿಮಾಡಲು ಹೋಗುವುದು ಕೆಟ್ಟ ಉಪಾಯ. ಪಾರ್ಟಿಗೆ ಹೋಳಿಗೆ ಊಟ ಸಾಕು.

ಅಳು, ಜ್ವರ, ನೆಗಡಿ

ಮಗು ಮನೆಗೆ ಬಂದ ಮೇಲೆ ಮೂರು ಹೊಸ ಸಂಗತಿಗಳು ಬರುತ್ತವೆ. ಮೊದಲನೆಯದು ಅಳು. ಲಾಂಗ್ ಕ್ಯೂಟಿಯ ಎರಡನೇ ಬಗೆಯಲ್ಲಿ ದಿಢೀರ್ ಶಬ್ದವೇ ಲಯ ತಪ್ಪಿಸಬಲ್ಲದು. ಅಲಾರಂ, ಫೋನ್ ರಿಂಗ್ ಇದಕ್ಕೆ ಗೊತ್ತಿರುವ ಉದಾಹರಣೆಗಳು. ರಾತ್ರಿ ಎರಡು ಗಂಟೆಗೆ ಕಿವಿಯ ಹತ್ತಿರ ಮಗು ಕಿರುಚಿ ಅಳುವುದೂ ಅಂಥದ್ದೇ. ಹಾಗಂತ ಮಗುವಿನಿಂದ ದೂರ ಓಡಬೇಕಿಲ್ಲ. ಮಾತ್ರೆ ಒಂದು ದಿನವೂ ತಪ್ಪಬಾರದು, ಅಲಾರಂ ಬದಲು ಕೈಗಡಿಯಾರದ ಕಂಪನ ಇಟ್ಟುಕೊಳ್ಳಬೇಕು, ರಾತ್ರಿ ಪಾಳಿ ಹಂಚಿಕೊಳ್ಳಬೇಕು. ಹತ್ತರಿಂದ ಎರಡರವರೆಗೆ ಒಬ್ಬರು, ಎರಡರಿಂದ ಆರರವರೆಗೆ ಇನ್ನೊಬ್ಬರು ಎಚ್ಚರ ಇದ್ದರೆ ಇಬ್ಬರಿಗೂ ನಾಲ್ಕು ಗಂಟೆಯ ತುಂಡಾಗದ ನಿದ್ದೆ ಸಿಗುತ್ತದೆ.

ಎರಡನೆಯದು ಜ್ವರ. ಮಗುವಿಗೆ ಬಂದ ಜ್ವರ ನಾಲ್ಕು ದಿನದಲ್ಲಿ ಅಪ್ಪನಿಗೂ ಬರುತ್ತದೆ. ಬ್ರುಗಾಡಾ ಇರುವವರಲ್ಲಿ ಜ್ವರವೇ ಅಪಾಯದ ಹೊತ್ತು. ಅಂಥವರು "ನೋಡೋಣ, ತಾನಾಗಿ ಇಳಿಯುತ್ತೆ" ಅನ್ನದೆ ಕೂಡಲೇ ಪ್ಯಾರಸಿಟಮಾಲ್ ತಗೊಂಡು, ತಮ್ಮ ಡಾಕ್ಟರನ್ನು ವಿಚಾರಿಸಬೇಕು.

ಮೂರನೆಯದು ನೆಗಡಿ, ಕೆಮ್ಮು, ವಾಂತಿ. ಮೆಡಿಕಲ್ ಶಾಪಿಗೆ ಹೋಗಿ "ಒಂದು ನೆಗಡಿ ಮಾತ್ರೆ ಕೊಡಿ" ಅನ್ನುವುದು ನಮ್ಮೆಲ್ಲರ ಅಭ್ಯಾಸ. ಮೂಗು ಬಿಡಿಸುವ ಫಿನೈಲೆಫ್ರಿನ್ ಇರುವ ಮಾತ್ರೆ ಹೃದಯಕ್ಕೆ ಒತ್ತಡ ಕೊಡಬಹುದು. ಅಜಿತ್ರೊಮೈಸಿನ್, ಲೆವೊಫ್ಲಾಕ್ಸಸಿನ್ ಆಂಟಿಬಯಾಟಿಕ್‌ಗಳು, ವಾಂತಿಗೆ ಕೊಡುವ ಒಂಡನ್ಸೆಟ್ರಾನ್, ಡಾಂಪೆರಿಡೋನ್ ಕ್ಯೂಟಿಯನ್ನು ಉದ್ದ ಮಾಡುತ್ತವೆ. ಬೇರೆಯವರಿಗೆ ಮಾಮೂಲಿ ಮಾತ್ರೆ, ಲಾಂಗ್ ಕ್ಯೂಟಿ ಇರುವವನಿಗೆ ವಿಷ. ಹೊಸ ಮಾತ್ರೆ ಯಾವುದೇ ಇರಲಿ, ಕಾಯಿಲೆಯ ಹೆಸರು ಹೇಳಿಯೇ ತಗೊಳ್ಳಬೇಕು.

ತಿರುಗಿಸಿಯೂ ನೋಡಿ. ಅಪ್ಪನ ಮಾತ್ರೆ ಮಗುವಿಗೆ ವಿಷ. ವೆರಾಪಮಿಲ್, ಡಿಲ್ಟಿಯಾಜೆಮ್ ಥರದ ಮಾತ್ರೆ ಒಂದೇ ಒಂದು ನುಂಗಿದರೂ ಅಂಬೆಗಾಲಿಡುವ ಮಗುವಿನ ಪ್ರಾಣಕ್ಕೆ ಅಪಾಯ. ಮಾತ್ರೆ ಡಬ್ಬಿ ಟಿವಿ ಮುಂದೆ, ದಿಂಬಿನ ಕೆಳಗೆ ಇರಬಾರದು. ಎತ್ತರದ ಕಪಾಟಿನಲ್ಲಿ ಬೀಗ ಹಾಕಿಡಬೇಕು.

ಮಗುವನ್ನು ಎತ್ತಿಕೊಳ್ಳಬಹುದಾ?

ಎತ್ತಿಕೊಳ್ಳಬಹುದು. ಮೂರು ಕಿಲೋ ಮಗುವನ್ನು ಎತ್ತುವುದರಿಂದ ಹೃದಯಕ್ಕೆ ಏನೂ ಆಗುವುದಿಲ್ಲ. ಪ್ರಜ್ಞೆ ತಪ್ಪುವ ಇತಿಹಾಸ ಇರುವವರು ಮಾತ್ರ ಕೆಲವು ನಿಯಮ ಮಾಡಿಕೊಳ್ಳಬೇಕು. ತಲೆ ಸುತ್ತಿದ ಹಾಗೆ, ಕಣ್ಣು ಕತ್ತಲಾದ ಹಾಗೆ ಅನ್ನಿಸಿದ ಮೊದಲ ಕ್ಷಣದಲ್ಲೇ ನೆಲದ ಮೇಲೆ ಕೂತುಬಿಡಬೇಕು, ಮಗುವನ್ನು ಚಾಪೆ ಮೇಲೆ ಮಲಗಿಸಬೇಕು. ನೆಲದಿಂದ ಯಾರೂ ಬೀಳುವುದಿಲ್ಲ. ಹಾಲು ಕುಡಿಸುವುದು, ಬಟ್ಟೆ ಬದಲಿಸುವುದು ಎಲ್ಲ ಚಾಪೆಯ ಮೇಲೇ ಆಗಲಿ. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವುದು, ಬಾಲ್ಕನಿಯಲ್ಲಿ ನಿಲ್ಲುವುದು ಬೇಡ. ನೀರು ಹಾಕುವಾಗ ಇನ್ನೊಬ್ಬರು ಜೊತೆಗಿರಲಿ. ಬಚ್ಚಲುಮನೆಯ ಬಿಸಿ ಹಬೆಯಲ್ಲಿ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ, ತಲೆ ಸುತ್ತುವುದು ಅಲ್ಲೇ ಹೆಚ್ಚು. ಬೈಕ್, ಕಾರು ಓಡಿಸುವ ಬಗ್ಗೆ ಡಾಕ್ಟರು ಹೇಳಿದ್ದೇ ಕೊನೆ ಮಾತು.

ಎಸ್‌ವಿಟಿ ಇರುವವರು ಡಾಕ್ಟರಿಂದ ಒಂದು ಉಪಾಯ ಕಲಿತಿರಬಹುದು. 15 ಸೆಕೆಂಡ್ ಜೋರಾಗಿ ಸಿರಿಂಜ್ ಊದಿ, ತಕ್ಷಣ ಅಂಗಾತ ಮಲಗಿ, ಬೇರೆಯವರು ಕಾಲನ್ನು 45 ಡಿಗ್ರಿ ಎತ್ತಿ 15 ಸೆಕೆಂಡ್ ಹಿಡಿಯುವುದು. 2015ರಲ್ಲಿ ಬ್ರಿಟನ್ನಿನಲ್ಲಿ ನಡೆದ ಅಧ್ಯಯನದಲ್ಲಿ ಕೂತೇ ಉಸಿರು ಬಿಗಿಹಿಡಿದವರಲ್ಲಿ ಶೇ. 17 ಜನಕ್ಕೆ ಲಯ ಸರಿಯಾದರೆ, ಹೀಗೆ ಕಾಲೆತ್ತಿದವರಲ್ಲಿ ಶೇ. 43 ಜನಕ್ಕೆ ಸರಿಯಾಯಿತು. ಕಾಲು ಎತ್ತಲು ಇನ್ನೊಬ್ಬರು ಬೇಕು ಅನ್ನುವುದನ್ನು ಗಮನಿಸಿ.

ಪೇಸ್‌ಮೇಕರ್ ಅಥವಾ ಐಸಿಡಿ ಹಾಕಿಸಿಕೊಂಡಿದ್ದರೆ ಮೊದಲ ನಾಲ್ಕರಿಂದ ಆರು ವಾರ ಆ ಕಡೆಯ ಕೈಯನ್ನು ಭುಜದ ಮೇಲಕ್ಕೆ ಎತ್ತಬಾರದು, ಆ ಕೈಯಲ್ಲಿ ಭಾರ ಎತ್ತಬಾರದು. ಮಗುವನ್ನು ಯಾರಾದರೂ ಮಡಿಲಿಗೆ ಕೊಡಲಿ. ಫೋನ್, ಅಯಸ್ಕಾಂತ ಇರುವ ವಸ್ತುಗಳು ಯಂತ್ರದಿಂದ 15 ಸೆಂ.ಮೀ. ದೂರ, ಇಂಡಕ್ಷನ್ ಒಲೆ 60 ಸೆಂ.ಮೀ. ದೂರ ಇರಲಿ. ಮಗು ತೊಡೆ ಮೇಲಿದ್ದಾಗ ಐಸಿಡಿ ಶಾಕ್ ಕೊಟ್ಟರೆ? ಮುಟ್ಟಿದವರಿಗೆ ಸಣ್ಣಗೆ ಜುಮ್ ಅನ್ನಿಸಬಹುದು ಅಷ್ಟೇ, ಹಾನಿಯಿಲ್ಲ.

ಈ ಯಂತ್ರಗಳ ಹಿಂದೆ ಎಂಜಿನಿಯರುಗಳಿದ್ದಾರೆ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಎಂಜಿನಿಯರ್ ರೂನ್ ಎಲ್ಮ್‌ಕ್ವಿಸ್ಟ್ ಮಾಡಿದ ಪೇಸ್‌ಮೇಕರನ್ನು ಸರ್ಜನ್ ಓಕೆ ಸೆನ್ನಿಂಗ್ ಅವರು ಆರ್ನೆ ಲಾರ್ಸನ್ ಎಂಬುವರಿಗೆ ಅಳವಡಿಸಿದರು. ದೇಹದೊಳಗೆ ಇಟ್ಟ ಮೊದಲ ಪೇಸ್‌ಮೇಕರ್ ಅದು. ಮೊದಲನೆಯದು ಕೆಲವೇ ಗಂಟೆ ನಡೆಯಿತು. ಆಗ 43 ವರ್ಷವಾಗಿದ್ದ ಲಾರ್ಸನ್ ಮುಂದೆ ಇಪ್ಪತ್ತಕ್ಕೂ ಹೆಚ್ಚು ಯಂತ್ರ ಬದಲಿಸಿಕೊಂಡು, ಆ ಎಂಜಿನಿಯರ್, ಸರ್ಜನ್ ಇಬ್ಬರಿಗಿಂತ ಹೆಚ್ಚು ದಿನ ಬದುಕಿ 2001ರಲ್ಲಿ 86ನೇ ವಯಸ್ಸಿನಲ್ಲಿ ತೀರಿಕೊಂಡರು. ಇನ್ನೊಂದು ನಮ್ಮ ಕಾಲದ್ದು. 2021ರ ಜೂನ್ 12ರಂದು ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಮೈದಾನದಲ್ಲೇ ಕುಸಿದರು. ಅಲ್ಲೇ ಸಿಪಿಆರ್ ಕೊಟ್ಟರು, ಶಾಕ್ ಕೊಟ್ಟರು. ಐಸಿಡಿ ಹಾಕಿಸಿಕೊಂಡು ಮುಂದಿನ ವರ್ಷವೇ ಮತ್ತೆ ಆಡಿದರು.

ಮಗುವಿಗೂ ಬರುತ್ತಾ?

ಡಬ್ಲ್ಯೂಪಿಡಬ್ಲ್ಯೂ, ಎಸ್‌ವಿಟಿ ಹೆಚ್ಚಾಗಿ ಮಕ್ಕಳಿಗೆ ದಾಟುವುದಿಲ್ಲ. ಲಾಂಗ್ ಕ್ಯೂಟಿ, ಬ್ರುಗಾಡಾ ಸಾಮಾನ್ಯವಾಗಿ ದಾಟುವ ರೀತಿ ನಾಣ್ಯ ಚಿಮ್ಮಿದ ಹಾಗೆ, ಪ್ರತಿ ಮಗುವಿಗೂ ಶೇ. 50 ಸಾಧ್ಯತೆ. ಮಗುವಿಗೆ ಇಸಿಜಿ ಮಾಡಿಸಬೇಕು, ಅಪ್ಪನ ಜೀನ್ ದೋಷ ಗೊತ್ತಿದ್ದರೆ ಮಗುವಿಗೂ ಅದೊಂದನ್ನೇ ಹುಡುಕುವ ಪರೀಕ್ಷೆ ಮಾಡಬಹುದು. ಬೇಗ ಗೊತ್ತಾದರೆ ಮಾತ್ರೆ, ಎಚ್ಚರಿಕೆಗಳಿಂದ ಮಗು ಎಲ್ಲರ ಹಾಗೆ ಬೆಳೆಯಬಹುದು. ಅಪ್ಪನ ಅಣ್ಣತಮ್ಮಂದಿರು, ಅಕ್ಕತಂಗಿಯರೂ ಪರೀಕ್ಷೆ ಮಾಡಿಸಬೇಕು.

ಒಂದು ವಿಷಯಕ್ಕೆ ಮಾತ್ರ ಹೆದರಬೇಡಿ. ನವಜಾತ ಶಿಶುವಿನ ಎದೆ ಮೇಲೆ ಕೈಯಿಟ್ಟರೆ ನಿಮಿಷಕ್ಕೆ 120ರಿಂದ 160 ಬಡಿತ ಸಿಗುತ್ತದೆ. ತನ್ನ ನಾಡಿ ಎಣಿಸಿ ಎಣಿಸಿ ಸುಸ್ತಾದ ಅಪ್ಪನಿಗೆ ಎದೆ ಧಸಕ್ ಅನ್ನುತ್ತದೆ. ಅದು ಕಾಯಿಲೆಯಲ್ಲ, ಮಗುವಿನ ಸಹಜ ವೇಗವೇ ಅಷ್ಟು.

ಎಣಿಸುವ ಚಟದ ಬಗ್ಗೆಯೂ ಒಂದು ಮಾತು. ಸ್ಮಾರ್ಟ್‌ವಾಚ್ ಹಸಿರು ಬೆಳಕು ಚರ್ಮಕ್ಕೆ ಬಿಟ್ಟು ನಾಡಿ ಲೆಕ್ಕ ಹಾಕುತ್ತದೆ. ಆಪಲ್ ಕಂಪನಿಯ ಅಧ್ಯಯನದಲ್ಲಿ 4,19,297 ಜನರಲ್ಲಿ ಶೇ. 0.52 ಜನಕ್ಕೆ ಎಚ್ಚರಿಕೆ ಬಂತು. ಅವರಲ್ಲಿ ಎದೆಗೆ ಪ್ಯಾಚ್ ಅಂಟಿಸಿಕೊಂಡು ಪರೀಕ್ಷೆಗೆ ಒಳಗಾದವರಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಸಿಕ್ಕಿದ್ದು ಶೇ. 34 ಜನರಲ್ಲಿ. ವಾಚ್ ಒಂದು ಸೂಚನೆ, ತೀರ್ಪಲ್ಲ. ದಿನಕ್ಕೆ ಐವತ್ತು ಸಲ ನೋಡುವಂತಾಗಿದ್ದರೆ ಆತಂಕವೇ ಬೇರೆ ಕಾಯಿಲೆ ಆಗಿದೆ ಅಂತ ಅರ್ಥ. ಹೊಸ ಅಪ್ಪಂದಿರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ಮುಚ್ಚಿಟ್ಟರೆ ಅಪಾಯ

ಸಂಬಂಧ ಕೂಡಿ ಬರುವಾಗ "ಹುಡುಗನಿಗೆ ಹಾರ್ಟ್ ಪ್ರಾಬ್ಲಂ" ಅನ್ನುವ ಮಾತು ಹೊರಬಿದ್ದರೆ ಕಷ್ಟ ಅಂತ ಮುಚ್ಚಿಡುವ ಮನೆಗಳಿವೆ. ಆಫೀಸಿನಲ್ಲಿ ಪ್ರಮೋಶನ್ ಹೋದೀತು ಅಂತ ಮುಚ್ಚಿಡುವವರಿದ್ದಾರೆ. ಆದರೆ ಮೇಲೆ ಹೇಳಿದ್ದೆಲ್ಲವನ್ನೂ ಮತ್ತೊಮ್ಮೆ ನೋಡಿ. ರಾತ್ರಿ ಪಾಳಿ ಹಂಚಿಕೊಳ್ಳಲು, ಬೆಳಗಿನ ಮೆಸೇಜ್ ಕಾಯಲು, ಕಾಲು ಎತ್ತಿ ಹಿಡಿಯಲು, ನೀರು ಹಾಕುವಾಗ ಜೊತೆಗಿರಲು, ಎಲ್ಲಕ್ಕೂ ಇನ್ನೊಬ್ಬರು ಬೇಕು. ಅವರಿಗೆ ವಿಷಯ ಗೊತ್ತಿರಬೇಕು. ಎಂಜಿನಿಯರಿಂಗ್‌ನಲ್ಲಿ ಒಂದೇ ಭಾಗ ಕೆಟ್ಟರೆ ಇಡೀ ವ್ಯವಸ್ಥೆ ನಿಲ್ಲುವಂತೆ ಕಟ್ಟಬಾರದು ಅಂತ ಕಲಿಯುತ್ತೇವೆ. ಕಾಯಿಲೆಯನ್ನು ಮುಚ್ಚಿಟ್ಟ ಅಪ್ಪ ತನ್ನ ಮನೆಯನ್ನು ಹಾಗೇ ಕಟ್ಟುತ್ತಿರುತ್ತಾನೆ.

ಒಂದು ಹಾಳೆ ಸಾಕು. ಕಾಯಿಲೆಯ ಹೆಸರು, ಮಾತ್ರೆಗಳು, ತಗೊಳ್ಳಬಾರದ ಮಾತ್ರೆಗಳು, ಡಾಕ್ಟರ ನಂಬರ್, 108. ಜೊತೆಗೆ ಹಳೆಯ ಇಸಿಜಿಯ ಪ್ರತಿ. ಫ್ರಿಜ್ ಮೇಲೊಂದು, ಪರ್ಸಿನಲ್ಲೊಂದು. ವರ್ತೂರಿನವರಿಗೆ ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆ ಹತ್ತಿರವೇ ಇದೆ. 2001ರಲ್ಲಿ ಶುರುವಾದ ಅಲ್ಲಿ ಹೃದಯದ ಚಿಕಿತ್ಸೆಗೆ ದುಡ್ಡು ತಗೊಳ್ಳುವುದಿಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ಸರ್ಕಾರದ ಜಯದೇವ ಆಸ್ಪತ್ರೆ ಇದೆ. ಎಲ್ಲಿ ತೋರಿಸಬೇಕು ಅನ್ನುವುದನ್ನು ಮೊದಲೇ ತೀರ್ಮಾನಿಸಿ ಅದನ್ನೂ ಹಾಳೆಯಲ್ಲಿ ಬರೆದಿಡಬೇಕು.

ಕೊನೆಯದು ನಮ್ಮೆಲ್ಲರಿಗೂ ಸೇರಿದ್ದು. ಹೃದಯ ನಿಂತ ಮೇಲೆ ಸಿಪಿಆರ್ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ವರ್ತೂರು ಮುಖ್ಯರಸ್ತೆಯಲ್ಲಿ ಸಂಜೆ ಏಳಕ್ಕೆ ಆಂಬುಲೆನ್ಸ್ ಹತ್ತು ನಿಮಿಷದಲ್ಲಿ ಬರುತ್ತೆ ಅಂತ ನಂಬಿ ಕೂರಲು ಆಗುತ್ತಾ? ಬಿದ್ದವರು ಕರೆದರೆ ಓಗೊಡದಿದ್ದರೆ, ಸರಿಯಾಗಿ ಉಸಿರಾಡದಿದ್ದರೆ 108ಕ್ಕೆ ಫೋನ್ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುತ್ತಾ ಇರಬೇಕು. ಎಇಡಿ ಯಂತ್ರ ಸಿಕ್ಕರೆ ಆನ್ ಮಾಡಿ, ಏನು ಮಾಡಬೇಕು ಅಂತ ಅದೇ ಹೇಳುತ್ತದೆ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು, ಹೆಂಡತಿ, ಅತ್ತೆ, ಪಕ್ಕದ ಮನೆಯವರು ಇಷ್ಟು ಕಲಿತಿದ್ದರೆ ಆ ಹತ್ತು ನಿಮಿಷ ಕೈಗೆ ಸಿಗುತ್ತದೆ. ಕಲಿಯಲು ಒಂದು ಮಧ್ಯಾಹ್ನ ಸಾಕು.

ನಮ್ಮ ಕ್ಯಾಂಪಸ್‌ನಲ್ಲಿ ಎಇಡಿ ಇದೆಯಾ, ಇದ್ದರೆ ಎಲ್ಲಿದೆ, ಆ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ? ನಾಳೆ ಕ್ಲಾಸಿಗೆ ಹೋಗುವಾಗ ವಿಚಾರಿಸಿ ನೋಡಿ.